ಆರೋಗ್ಯವಂತರನ್ನು ಅರಸುವ ವೈದ್ಯ

ಹಣದಾಸೆಯ ವೈದ್ಯನನ್ನು ಕುರಿತ ವಿಡಂಬನೆ ಸಾಹಿತ್ಯಕ್ಕೆ ಹೊಸದಲ್ಲ. ಅವನನ್ನು ಯಮನ ಸಹೋದರನೆಂದು ಕರೆದ ನಮ್ಮ ಸುಭಾಷಿತಕಾರನೂ, ಫ್ರಾನ್ಸಿನ ಮೋಲಿಯೇರನೂ ಅವನನ್ನು ಬಿಟ್ಟವರಲ್ಲ. ಆದರೆ ಜೂಲ್ ರೊಮೇನ್ 1923ರಲ್ಲಿ ರಂಗಕ್ಕೆ ತಂದ 'ಕ್ನಾಕ್' ನಾಟಕ ಹಿಡಿದ ದಾರಿಯೇ ಬೇರೆ. ಇಲ್ಲಿ ಸುಲಿಗೆಗೆ ಒಳಗಾಗುವವರು ಗಟ್ಟಿಮುಟ್ಟಾದ ಜನ.

ಗುಡ್ಡಗಾಡಿನ ಊರೊಂದರಲ್ಲಿ ಮುದಿ ವೈದ್ಯನೊಬ್ಬನ ವೃತ್ತಿಯನ್ನು ಡಾಕ್ಟರ್ ಕ್ನಾಕ್ ಕಂತಿನ ಮೇಲೆ ಕೊಳ್ಳುತ್ತಾನೆ. ಬಂದು ನೋಡಿದರೆ ರೋಗಿಗಳೇ ಇಲ್ಲ. ಅವನು ಎದೆಗುಂದುವವನಲ್ಲ. ಸಂತೆಯ ದಿನ ಉಚಿತ ತಪಾಸಣೆಯೆಂದು ಡಂಗುರ ಹೊಡೆಸುತ್ತಾನೆ. ಮೊದಲು ಬಲೆಗೆ ಬೀಳುವವನು ಡಂಗುರದವನೇ! ಎಂದೋ ಬಾಲ್ಯದಲ್ಲಿ ಏಣಿಯಿಂದ ಬಿದ್ದ ಹೆಂಗಸಿಗೆ ಚಿಕಿತ್ಸೆಯ ಖರ್ಚನ್ನು ಅವಳ ಕರು, ಹಂದಿಗಳ ಲೆಕ್ಕದಲ್ಲಿ ಹೇಳುತ್ತಾನೆ. ಈ ದೃಶ್ಯದ ಸೊಗಸನ್ನು ಓದಿಯೇ ತಿಳಿಯಬೇಕು. ಅವನು ಗದರಿಸುವುದಿಲ್ಲ, ಒತ್ತಾಯಿಸುವುದಿಲ್ಲ. ಮೆಲ್ಲಗೆ ಕೇಳುತ್ತ ಹೋಗುತ್ತಾನೆ. ಕೇಳಿದಷ್ಟೂ ಹೆಂಗಸಿನ ಬೆನ್ನು ನೋಯುತ್ತದೆ. ಮೂರು ತಿಂಗಳಲ್ಲಿ ಊರಿನ ಹೋಟೆಲು ಆಸ್ಪತ್ರೆಯಾಗುತ್ತದೆ; ರಾತ್ರಿ ಹತ್ತು ಹೊಡೆಯುತ್ತಲೂ 250 ಕೋಣೆಗಳಲ್ಲಿ ಥರ್ಮಾಮೀಟರುಗಳು ಕೆಲಸಕ್ಕೆ ತೊಡಗುತ್ತವೆ.

ಬರ್ನಾರ್ಡ್ ಷಾ ಇದೇ ಪ್ರಶ್ನೆಯನ್ನು 1906ರ 'ದಿ ಡಾಕ್ಟರ್ಸ್ ಡೈಲೆಮಾ'ದಲ್ಲಿ ಎತ್ತಿದ್ದ. ಕೊಯ್ದರೆ ಹಣ, ಕೊಯ್ಯದಿದ್ದರೆ ಇಲ್ಲವೆಂಬ ಏರ್ಪಾಡಿನಲ್ಲಿ ಕತ್ತಿ ಸುಮ್ಮನಿರುವುದೆಂತು ಎಂಬುದು ಅದರ ಮುನ್ನುಡಿಯ ವಾದ. ವಾದವೇನೋ ಹರಿತ. ಆದರೂ ನನಗೆ ರೊಮೇನನೇ ಹೆಚ್ಚು ದೂರ ನೋಡಿದವನಾಗಿ ತೋರುತ್ತಾನೆ. ಕ್ನಾಕ್‌ನನ್ನು ಬರಿಯ ಮೋಸಗಾರನೆನ್ನಲಾಗದು. ಅವನಿಗೆ ತನ್ನ ಶಾಸ್ತ್ರದಲ್ಲಿ ಭಕ್ತಿಯಿದೆ. ಔಷಧದಂಗಡಿಯವನಿಗೆ ವ್ಯಾಪಾರ, ಹೋಟೆಲಿನವರಿಗೆ ಬಾಡಿಗೆ. ಊರಿಗೆ ಊರೇ ಲಾಭದಲ್ಲಿ ಪಾಲುದಾರ. ದೂರು ಕೊಡುವವರಾದರೂ ಯಾರು?

2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ಕಾನೂನಿನ ತಿದ್ದುಪಡಿಯನ್ನು ವಿರೋಧಿಸಿ ಕರ್ನಾಟಕದ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ಈ ನಾಟಕ ನನಗೆ ಮತ್ತೆ ಮತ್ತೆ ನೆನಪಾಯಿತು. ದರಕ್ಕೆ ಸರಕಾರ ಮಿತಿ ಹಾಕಬಹುದೇ ಎಂಬುದು ಅಂದಿನ ದೊಡ್ಡ ಚರ್ಚೆ. ಬೇಕಾದ ಚರ್ಚೆಯೇ, ಸರಿ. ಆದರೆ ದರಪಟ್ಟಿ ಹೇಳುವುದು ಪರೀಕ್ಷೆಗೆ ಎಷ್ಟು ಹಣವೆಂಬುದನ್ನು. ಆ ಪರೀಕ್ಷೆ ಬೇಕಿತ್ತೇ ಎಂಬುದನ್ನಲ್ಲ. ಕ್ನಾಕ್‌ನಂಥವನು ಯಾವ ದರಪಟ್ಟಿಗೂ ಹೆದರಬೇಕಾಗಿಲ್ಲ. ರಿಯಾಯಿತಿಯ 'ಪೂರ್ಣ ದೇಹ ತಪಾಸಣೆ'ಯ ಜಾಹೀರಾತನ್ನು ಪತ್ರಿಕೆಯಲ್ಲಿ ಕಂಡಾಗಲೆಲ್ಲ ನನ್ನ ಕಿವಿಗೆ ಆ ಡಂಗುರ ಬೀಳುತ್ತದೆ. ವೇಳೆಗೆ ಸರಿಯಾದ ತಪಾಸಣೆಯಿಂದ ಜೀವ ಉಳಿದವರೂ ಇದ್ದಾರೆ, ನಿಜ. ಕ್ನಾಕ್‌ನ ಬಂಡವಾಳವೇ ಆ ನಿಜ.

ನಾಟಕದಲ್ಲೊಂದು ಕೊರತೆಯಿದೆ. ನಿಜವಾಗಿ ನರಳುವ ರೋಗಿಯೊಬ್ಬನೂ ರಂಗದ ಮೇಲೆ ಬರುವುದಿಲ್ಲ. ಷಾನಲ್ಲಿ ಕ್ಷಯರೋಗಿಯೊಬ್ಬನ ಪ್ರಾಣ ತಕ್ಕಡಿಯಲ್ಲಿ ತೂಗುತ್ತದೆ. ಇಲ್ಲಿ ಅಂಥ ಭಾರವಿಲ್ಲ. ಆದರೂ ಕೊನೆಯ ಅಂಕದಲ್ಲಿ ಒಂದು ಮಾತು ಹಾದುಹೋಗುತ್ತದೆ. ಪ್ರತಿ ಮನೆಯ ಆದಾಯವನ್ನೂ ಗುಟ್ಟಾಗಿ ಬರೆದಿಟ್ಟುಕೊಂಡಿರುವ ಕ್ನಾಕ್, ಕಡಿಮೆ ಆದಾಯದವರ ಮೇಲೆ ಕಾಯಂ ಚಿಕಿತ್ಸೆಯನ್ನು ಹೇರುವುದಿಲ್ಲ. ಪ್ರೇಕ್ಷಕರು ನಗುವ ಸ್ಥಳವದು. ಸರಕಾರಿ ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ ಬೆಳಗಿನಿಂದ ನಿಂತವರನ್ನು ಕಂಡ ನನಗೆ ಅಲ್ಲಿ ನಗು ಬರಲಿಲ್ಲ.