‘ಜಿಂದಗಿ ಗುಲ್ಜಾರ್ ಹೈ’: ಸಬೂರಿ ಮತ್ತು ಪರೀಷಹ

ಆಳಂದ, ಅಫಜಲಪುರ, ಜೇವರ್ಗಿಯ ಪೇಟೆಗಳಲ್ಲಿ ‘ಸಬೂರಿ’ ಎಂಬ ಶಬ್ದಕ್ಕೆ ಅರ್ಥ ಹೇಳಬೇಕಾಗಿಲ್ಲ. ಕನ್ನಡದೊಡನೆ ದಖನಿ ಉರ್ದುವೂ ಬಳಕೆಯಲ್ಲಿರುವ ಈ ಸೀಮೆಗೆ, 2014ರಲ್ಲಿ ‘ಜಿಂದಗಿ’ ವಾಹಿನಿಯು ಭಾರತಕ್ಕೆ ತಂದ ಪಾಕಿಸ್ತಾನಿ ಧಾರಾವಾಹಿಗಳ ಭಾಷೆ ಪರಕೀಯವೇನಲ್ಲ. ಅವುಗಳಲ್ಲಿ ಉಮೇರಾ ಅಹ್ಮದ್ ಬರೆದು ಸುಲ್ತಾನಾ ಸಿದ್ದಿಕಿ ನಿರ್ದೇಶಿಸಿದ ‘ಜಿಂದಗಿ ಗುಲ್ಜಾರ್ ಹೈ’ (2012–13) ಶ್ರಾವಕರ ವಿಚಾರಕ್ಕೂ ಅರ್ಹವಾದ ಕೃತಿ.

ಮೂವರೂ ಹೆಣ್ಣುಮಕ್ಕಳೇ ಆದರೆಂದು ಪತಿಯು ಇನ್ನೊಂದು ವಿವಾಹವಾಗುತ್ತಾನೆ. ತ್ಯಕ್ತಳಾದ ರಾಫಿಯಾ ಶಿಕ್ಷಕವೃತ್ತಿಯಿಂದ ಮಕ್ಕಳನ್ನು ಓದಿಸುತ್ತಾಳೆ. ಪ್ರಾರ್ಥನೆಯನ್ನು ಬಿಡುವುದಿಲ್ಲ, ದೈವವನ್ನು ದೂರುವುದಿಲ್ಲ. ಹಿರಿಯ ಮಗಳು ಕಶಫ್ ಹಾಗಲ್ಲ. ತನಗೇ ಏಕೆ ಈ ಕೊರತೆ ಎಂದು ದಿನಚರಿಯ ಪುಟಗಳಲ್ಲಿ ಸೃಷ್ಟಿಕರ್ತನೊಡನೆ ಜಗಳವಾಡುತ್ತಾಳೆ. ಜೈನ ಪರಿಭಾಷೆಯಲ್ಲಿ ಇದು ಆರ್ತಧ್ಯಾನ. ಆದರೂ ಪ್ರೇಕ್ಷಕನಿಗೆ ಸತ್ಯವೆನಿಸುವುದು ಮಗಳ ಈ ಕಹಿಯೇ. ಸನಮ್ ಸಯೀದ್ ಅವರ ಮಿತವಾದ ಅಭಿನಯಕ್ಕೆ ಅದರ ಶ್ರೇಯ ಸಲ್ಲಬೇಕು.

ಇಪ್ಪತ್ತೆರಡು ಪರೀಷಹಗಳನ್ನು ಸಹಿಸಬೇಕೆಂದು ತತ್ತ್ವಾರ್ಥಸೂತ್ರವು ಹೇಳುವುದು ಮಾರ್ಗದಿಂದ ಜಾರದಿರಲು ಮತ್ತು ಕರ್ಮನಿರ್ಜರೆಗಾಗಿ. ಸುಖಫಲವನ್ನು ಬಯಸಿ ಸಹಿಸಿದರೆ ಅದು ನಿದಾನ, ಶಲ್ಯಗಳಲ್ಲೊಂದು. ಈ ಒರೆಗಲ್ಲಿಗೆ ಹಚ್ಚಿದಾಗ ಧಾರಾವಾಹಿಯ ಉತ್ತರಾರ್ಧ ಮಾಸುತ್ತದೆ. ಕಶಫ್ ಸರ್ಕಾರಿ ಅಧಿಕಾರಿಯಾಗುತ್ತಾಳೆ. ಅದು ಅವಳ ಪರಿಶ್ರಮದ ಫಲ, ಆಕ್ಷೇಪವಿಲ್ಲ. ಆದರೆ ಶ್ರೀಮಂತ ಜಾರೂನ್ ಪತಿಯಾಗಿ ದೊರೆತು ಎಲ್ಲ ಬಾಕಿಯೂ ಚುಕ್ತಾ ಆದಂತೆ ತೋರಿಸುವಾಗ, ಸಹನೆಯು ಬಡ್ಡಿ ಸಹಿತ ಮರಳುವ ಠೇವಣಿಯಾಗಿಬಿಡುತ್ತದೆ. ಬಡ್ಡಿ ಬಾರದ ಮನೆಗಳ ಗತಿಯೇನು?

ಈ ದೋಷ ಮುಸಲ್ಮಾನರ ಕಥೆಗಳದು ಮಾತ್ರವೆಂದು ಬೀಗುವಂತಿಲ್ಲ. ಜೈನ ರಾಮಕಥೆಯ ಅಂಜನೆಯನ್ನೇ ನೋಡಬಹುದು. ಪವನಂಜಯನು ಇಪ್ಪತ್ತೆರಡು ವರ್ಷ ಅವಳನ್ನು ಅಲಕ್ಷಿಸಿದ. ಗರ್ಭಿಣಿಯಾದಾಗ ಅತ್ತೆ ಹೊರದೂಡಿದಳು, ತವರೂ ಬಾಗಿಲು ಮುಚ್ಚಿತು. ಅರಣ್ಯದಲ್ಲಿ ಮುನಿಗಳು ಅವಳಿಗೆ ಪೂರ್ವಕರ್ಮವನ್ನು ತಿಳಿಸಿದರು, ನಿಜ. ಆದರೆ ಸೋದರಮಾವ ಪ್ರತಿಸೂರ್ಯನು ಕರ್ಮವಿಪಾಕವನ್ನು ವಿವರಿಸುತ್ತ ನಿಲ್ಲಲಿಲ್ಲ; ತಾಯಿ-ಮಗುವನ್ನು ವಿಮಾನದಲ್ಲಿ ಕೂರಿಸಿ ತನ್ನ ಊರಿಗೆ ಕರೆದೊಯ್ದ. ಕಥಾವಾಚನಗಳಲ್ಲಿ ಮುನಿಗಳ ಉಪದೇಶವನ್ನು ವಿಸ್ತರಿಸಿ, ಮಾವನ ಈ ಪ್ರಸಂಗವನ್ನು ಅವಸರದಲ್ಲಿ ಮುಗಿಸುವುದುಂಟು.

ರಾಫಿಯಾಳ ಸಬೂರಿ ಗೌರವಾರ್ಹವಾಗುವುದು ಅದು ಅವಳೇ ಆರಿಸಿಕೊಂಡದ್ದಾದ್ದರಿಂದ. ಅದೇ ಮಾತನ್ನು ಅವಳನ್ನು ತೊರೆದವನು ಆಡಿದ್ದರೆ ಹಿಂಸೆಯಾಗುತ್ತಿತ್ತು. ಮಕ್ಕಳ ಶಾಲಾಶುಲ್ಕಕ್ಕೆಂದು ಬಸದಿಯ ಕಚೇರಿಗೆ ಬಂದು ನಿಂತ ಪರಿತ್ಯಕ್ತೆಗೆ ಟ್ರಸ್ಟಿನವರು ‘ನಿಮ್ಮ ಕರ್ಮೋದಯ, ಸಹಿಸಿರಿ’ ಎಂದರೆ, ಅದನ್ನು ಯಾವ ಖಾತೆಗೆ ಬರೆಯಬೇಕು?