ಗುಡ್ಡದ ನಡುಕ, ಎರೆನೆಲದ ಬಿರುಕು

ಗಜೇಂದ್ರಗಡಕ್ಕೆ ಹೋದವರು ಕಾಲಕಾಲೇಶ್ವರನಿಗೆ ಕೈಮುಗಿದು, ಗುಡ್ಡದ ಮೇಲಿನ ಗಾಳಿಯಂತ್ರಗಳ ಸಾಲನ್ನು ಕಣ್ತುಂಬ ನೋಡಿ ಬರುತ್ತಾರೆ. ನಾನು ಕಣ್ಣು ಮುಚ್ಚಿ ಕಿವಿಗೊಡುತ್ತೇನೆ. ರೆಕ್ಕೆ ಗಾಳಿ ಸೀಳುವ ನಿಧಾನದ ಉಸಿರು ಒಂದು, ಅದರ ಹಿಂದೆ ಸಣ್ಣದೊಂದು ಗುಂಯ್‌ಗುಟ್ಟುವಿಕೆ ಇನ್ನೊಂದು. ಅಳತೆಯ ಶಾಸ್ತ್ರವೆಲ್ಲ ಈ ಎರಡು ಸದ್ದುಗಳ ನಡುವಿನ ಅಂತರದಲ್ಲಿದೆ.

ದೊಡ್ಡ ರೆಕ್ಕೆ ನಿಮಿಷಕ್ಕೆ ಹದಿನೈದು ಸುತ್ತು ತಿರುಗುತ್ತದೆ ಎನ್ನೋಣ. ಗೇರ್‌ಬಾಕ್ಸ್ ಇರುವ ಯಂತ್ರದಲ್ಲಿ ಅದು ಸುಮಾರು ನೂರು ಪಟ್ಟು ಹೆಚ್ಚಿ, ಜನರೇಟರ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅಲ್ಲಿಯ ಒಂದು ಬೇರಿಂಗ್ ಸವೆಯತೊಡಗಿದರೆ ನಡುಕ ಸೆಕೆಂಡಿಗೆ ನೂರಾರು, ಸಾವಿರಾರು ಸಲ. ಅದನ್ನು ಹಿಡಿಯುವುದು ಆಕ್ಸಲರೋಮೀಟರ್. ಒಳಗೊಂದು ಹರಳು, ಹರಳಿನ ಮೇಲೊಂದು ಪುಟ್ಟ ತೂಕ. ಯಂತ್ರ ನಡುಗಿದಾಗ ತೂಕ ಹರಳನ್ನು ಒತ್ತುತ್ತದೆ, ಒತ್ತಿದಾಗ ಹರಳಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಇದನ್ನು ತೋರಿಸಿದ್ದು 1880ರಲ್ಲಿ. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರ್‌ನಲ್ಲಿ ಇರುವುದೂ ಇದೇ ಗುಣದ ವಸ್ತು. ಪಂಪ್‌ಸೆಟ್ ರಿಪೇರಿ ಮಾಡುವವರು ಸ್ಕ್ರೂಡ್ರೈವರ್‌ನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಹಚ್ಚಿ ಬೇರಿಂಗ್ ಕೇಳುತ್ತಾರಲ್ಲ, ಆ ಕಿವಿಯ ಕೆಲಸವನ್ನೇ ಆಕ್ಸಲರೋಮೀಟರ್ ಅಂಕಿಯಲ್ಲಿ ಹೇಳುತ್ತದೆ.

ಲೈಟರ್ ಒತ್ತಿದಾಗ ಕಿಡಿ ಹಾರುತ್ತದೆ. ಒತ್ತಿಯೇ ಹಿಡಿದರೆ ಮತ್ತೆ ಹಾರುವುದಿಲ್ಲ. ಹರಳಿನ ಮಿತಿಯೂ ಅದೇ. ಬದಲಾವಣೆ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ, ನಿಂತ ಭಾರ ತಿಳಿಯುವುದಿಲ್ಲ, ಹುಟ್ಟಿದ ವಿದ್ಯುತ್ ಸೋರಿಹೋಗುತ್ತದೆ. ರೋಣದಲ್ಲಿ ಹೆಸರು, ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರ್ ವೇಬ್ರಿಡ್ಜ್ ಮೇಲೆ ಅರ್ಧ ಗಂಟೆ ನಿಂತರೂ ತೂಕ ಅಷ್ಟೇ ತೋರಿಸಬೇಕು. ಅಲ್ಲಿಗೆ ಬೇಕಾದದ್ದು ಸ್ಟ್ರೇನ್ ಗೇಜ್.

ನನಗೆ ಎಲ್ಲ ಸೆನ್ಸರ್‌ಗಳಿಗಿಂತ ಪ್ರಿಯವಾದದ್ದು ಇದು. ಉಗುರಗಲದ ತೆಳು ಹಾಳೆ, ಅದರ ಮೇಲೆ ಹಾವಿನಂತೆ ಮಡಚಿದ ಲೋಹದ ಗೆರೆ, ಅಷ್ಟೇ. ಅದನ್ನು ಅಂಟಿಸಿದ ಉಕ್ಕು ಹಿಗ್ಗಿದರೆ ಗೆರೆಯೂ ಹಿಗ್ಗಿ ತೆಳ್ಳಗಾಗುತ್ತದೆ, ವಿದ್ಯುತ್ತಿಗೆ ಅದರ ತಡೆ ಹೆಚ್ಚುತ್ತದೆ. ಲಾರ್ಡ್ ಕೆಲ್ವಿನ್ 1856ರಲ್ಲೇ ಕಂಡಿದ್ದ ಈ ಗುಣವನ್ನು ಅಂಟಿಸುವ ಗೇಜ್ ಆಗಿಸಿದವರು 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್, ಒಬ್ಬರಿಗೊಬ್ಬರು ತಿಳಿಯದೆ. ರೂಜ್ ಅವರಿಗೆ ಬೇಕಾಗಿದ್ದದ್ದು, ಭೂಕಂಪವಾದರೆ ನೀರಿನ ಟ್ಯಾಂಕಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬ ಲೆಕ್ಕ. ಊರೂರಿಗೂ ಮೇಲ್ಮಟ್ಟದ ಟ್ಯಾಂಕ್ ಇರುವ ನಮ್ಮ ಸೀಮೆಗೆ ಆ ಪ್ರಶ್ನೆ ದೂರದ್ದೇನಲ್ಲ.

ಬದಲಾವಣೆ ಎಷ್ಟು ಸಣ್ಣದು ನೋಡಿ. ಒಂದು ಮೀಟರ್ ಉಕ್ಕು ಮಿಲಿಮೀಟರಿನ ಹತ್ತನೇ ಒಂದು ಪಾಲು ಹಿಗ್ಗಿದರೆ, 120 ಓಮ್‌ನ ಗೇಜಿನಲ್ಲಿ ಹೆಚ್ಚುವುದು 0.024 ಓಮ್. ಅದಕ್ಕೇ ನಾಲ್ಕು ತಡೆಗಳನ್ನು ತಕ್ಕಡಿಯಂತೆ ತೂಗಿ ನಿಲ್ಲಿಸಿ, ವಾಲಿದ್ದನ್ನು ಮಾತ್ರ ಅಳೆಯುತ್ತಾರೆ. ವೇಬ್ರಿಡ್ಜಿನ ಲೋಡ್‌ಸೆಲ್ ಒಳಗೂ ಇದೇ ತಕ್ಕಡಿ. ತೆಳು ಲೋಹದ ಪೊರೆಗೆ ಗೇಜ್ ಹಚ್ಚಿದರೆ ಎಣ್ಣೆ, ನೀರಿನ ಒತ್ತಡ ಅಳೆಯುವ ಸೆನ್ಸರ್ ಆಯಿತು. ಗಾಳಿಯಂತ್ರದ ಕಂಬದ ಬುಡಕ್ಕೆ, ರೆಕ್ಕೆಯ ಬುಡಕ್ಕೆ ಹಚ್ಚಿದರೆ, ಬಿರುಗಾಳಿಗೆ ಅವು ಎಷ್ಟು ಬಾಗಿದವು, ಎಷ್ಟು ಸಲ ಬಾಗಿದವು ಎಂಬ ಲೆಕ್ಕ ಸಿಗುತ್ತದೆ.

ಆದರೆ ಗೇಜಿನ ಸತ್ಯವೆಲ್ಲ ಅಂಟಿನಲ್ಲಿದೆ. ಬಣ್ಣ ಕೆರೆಯಬೇಕು, ಜಿಡ್ಡು ತೆಗೆಯಬೇಕು, ಉಜ್ಜುಕಾಗದದಿಂದ ಉಜ್ಜಿ, ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ ಒರೆಸಬೇಕು. ಒಂದು ಹನಿ ಅಂಟು, ಹೆಬ್ಬೆರಳಿನಿಂದ ಒಂದು ನಿಮಿಷ ಅಲುಗದ ಒತ್ತು. ನಡುವೆ ಗಾಳಿಗುಳ್ಳೆ ಉಳಿದರೆ ಲಕ್ಷ ರೂಪಾಯಿಯ ಉಪಕರಣವೂ ಸುಳ್ಳು ಹೇಳುತ್ತದೆ. ಬಿಸಿಲಿಗೆ ಉಕ್ಕು ತಾನೇ ಹಿಗ್ಗುವುದರಿಂದ, ಭಾರ ಬೀಳದ ಉಕ್ಕಿನ ತುಂಡಿಗೆ ಇನ್ನೊಂದು ಗೇಜ್ ಹಚ್ಚಿ ಆ ಹಿಗ್ಗನ್ನು ಕಳೆಯುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಬಿಟ್ಟ ಅಳತೆಯನ್ನು ನಾನು ನಂಬುವುದಿಲ್ಲ.

ಇನ್ನು ನರಗುಂದದ ವೇಗವೇ ಬೇರೆ. ಅಲ್ಲಿ ಮನೆಯೊಳಗೇ ನೆಲ ಕುಸಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಕೆಳಗೆ ಹಿರಿಯರು ಜೋಳ ತುಂಬಿಡುತ್ತಿದ್ದ ಹಳೆಯ ಹಗೇವುಗಳು, ಸುತ್ತ ನೀರು ಕುಡಿದು ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು. ಇದು ತಿಂಗಳು, ವರ್ಷಗಳ ಚಲನೆ, ಇಲ್ಲಿ ಹರಳು ಮೂಕ. ಅಣೆಕಟ್ಟುಗಳ ಒಡಲಲ್ಲಿ ಹೂಳುವಂಥ ತಂತಿಯ ಸೆನ್ಸರ್ ಇಂಥ ಕಡೆಗೆ ಸರಿ. ಬಿಗಿದ ಉಕ್ಕಿನ ತಂತಿಯನ್ನು ಮೀಟಿದರೆ, ಬಿಗಿ ಬದಲಾದಷ್ಟು ಅದರ ಶ್ರುತಿ ಬದಲಾಗುತ್ತದೆ. ತಂಬೂರಿ ಕೂಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓದುವುದು ಶ್ರುತಿಯನ್ನಾದ್ದರಿಂದ ಉದ್ದನೆಯ ವೈರಿನಲ್ಲೂ ಅಳತೆ ಕೆಡುವುದಿಲ್ಲ.

ಆ ಸೆನ್ಸರ್ ಬರುವವರೆಗೆ ಮನೆಯವರೇ ಮಾಡಬಹುದಾದ ಹಳೆಯ ಉಪಾಯವೊಂದಿದೆ. ಗೋಡೆಯ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆ ಹಾಕಿ ಕೂಡಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಒಡೆದ ದಿನವನ್ನೂ ಬರೆದಿಟ್ಟು, ಎಂಜಿನಿಯರ್ ಬಂದಾಗ ಎರಡೂ ತಾರೀಖುಗಳನ್ನು ತೋರಿಸಿ.