ದಾವೀದನಿಗೆ ಸುನ್ನತಿಯಾಗಿತ್ತು

ಧಾರವಾಡದ ಶಾಲೆಯೊಂದರಲ್ಲಿ ಬದುಕಿಡೀ ಕಲಿಸಿದ್ದ ನನ್ನ ದೊಡ್ಡವ್ವ ಕೊನೆಯ ದಿನಗಳಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದಳು: "ನಾ ಮಾಡಿದ್ದು ಸಾಕಾತೇನೋ ತಮ್ಮಾ?" ನಮ್ಮದು ತಲೆಮಾರುಗಳಿಂದ ಪ್ರೊಟೆಸ್ಟಂಟ್ ಮನೆತನ. ಮನುಷ್ಯ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದ, ತಾನು ಮಾಡಿದ್ದರಿಂದಲ್ಲ ಎಂದು ನನಗೆ ಮೊದಲು ಹೇಳಿಕೊಟ್ಟವಳೇ ಅವಳು. ಆದರೂ ಆ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. ಆಗ ನಾನು ಓದುತ್ತಿದ್ದ ಪುಸ್ತಕಗಳ ಪ್ರಕಾರವಾದರೋ ಅದು ಪೌಲನ ಪ್ರಶ್ನೆಯೇ ಅಲ್ಲ. ಮಠದ ಕೋಣೆಯಲ್ಲಿ ತಾನು ಪಟ್ಟ ಸಂಕಟವನ್ನು ಲೂಥರ್ ಪೌಲನ ಮೇಲೆ ಹೊರಿಸಿದ್ದ.

'ಪೌಲನ ಹೊಸ ನೋಟ' ಎಂದು ಹೆಸರಾದ ಈ ವಾದಕ್ಕೆ ದಾರಿ ಮಾಡಿದ್ದು ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್. ತನ್ನೊಳಗನ್ನೇ ಕೆದಕಿಕೊಳ್ಳುವ ಅಂತಃಸಾಕ್ಷಿ ಪಶ್ಚಿಮದ್ದು, ಪೌಲನದಲ್ಲ ಎಂದು 1963ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ವಾದಿಸಿದರು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಪೌಲನ ಕಾಲದ ಯೆಹೂದ್ಯ ಬರಹಗಳನ್ನು ವಿಸ್ತಾರವಾಗಿ ಪರಿಶೀಲಿಸಿ, ಯೆಹೂದ್ಯರೂ ಕೃಪೆಯನ್ನೇ ನಂಬಿದ್ದರು, ಧರ್ಮಶಾಸ್ತ್ರವನ್ನು ಪಾಲಿಸುತ್ತಿದ್ದುದು ಒಡಂಬಡಿಕೆಯೊಳಗೆ ಬರಲಿಕ್ಕಲ್ಲ, ಅದರಲ್ಲಿ ಉಳಿಯಲಿಕ್ಕೆ ಎಂದರು. ಪೌಲನು ತಳ್ಳಿಹಾಕುವ 'ಧರ್ಮಶಾಸ್ತ್ರದ ಕ್ರಿಯೆಗಳು' ಮುಖ್ಯವಾಗಿ ಸುನ್ನತಿ, ಊಟದ ಕಟ್ಟಳೆ, ಸಬ್ಬತ್ತು ಎಂದು ಜೇಮ್ಸ್ ಡನ್ ಮುಂದುವರಿಸಿದರು. ಎನ್. ಟಿ. ರೈಟ್ ಪ್ರಕಾರ, ನೀತಿವಂತನೆಂಬ ನಿರ್ಣಯ ಹೇಳುವುದು ಪಾಪಿ ಹೇಗೆ ಉಳಿದ ಎಂಬುದನ್ನಲ್ಲ, ದೇವರ ಮನೆತನಕ್ಕೆ ಯಾರು ಸೇರಿದವರು ಎಂಬುದನ್ನು.

ಈ ವಿದ್ವಾಂಸರಿಗೆ ನಮ್ಮ ಋಣವಿದೆ. ಪುಣ್ಯದ ಲೆಕ್ಕ ಬರೆಯುವ ಜಿಪುಣ ಯೆಹೂದ್ಯನ ಚಿತ್ರವೊಂದು ನಮ್ಮ ಪ್ರಸಂಗಗಳಲ್ಲಿ ಬಹಳ ಕಾಲ ಓಡಾಡಿತು. ಅದು ಅನ್ಯಾಯದ ಚಿತ್ರ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಪಂಕ್ತಿಯಿಂದ ಎದ್ದು ಹೋದದ್ದಕ್ಕೆ ಪೌಲ ಸಿಟ್ಟಾದದ್ದೂ ನಿಜ. ಊಟದ ಎಲೆಯ ಪ್ರಶ್ನೆ ಅಲ್ಲಿತ್ತು.

ಕನ್ನಡದ ಓದುಗರಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. 'ಧರ್ಮಶಾಸ್ತ್ರದ ಕ್ರಿಯೆಗಳು' ಎಂಬ ಗ್ರೀಕ್ ಪದಗುಚ್ಛಕ್ಕೆ ನಮ್ಮ ಹಳೆಯ ಬೈಬಲ್ ಅನುವಾದ ಬಳಸಿದ್ದು 'ನೇಮನಿಷ್ಠೆ' ಎಂಬ ಮಾತು. ಮಡಿ, ವ್ರತ, ಉಪವಾಸ ಎಲ್ಲವೂ ಆ ಪದದ ಹಿಂದೆ ನೆನಪಾಗುತ್ತವೆ. ಡನ್ ಹೇಳುವುದಕ್ಕೆ ಬಹಳ ಮೊದಲೇ ಕನ್ನಡದ ಕಿವಿ ಪೌಲನನ್ನು ಅವರಂತೆಯೇ ಕೇಳಿಸಿಕೊಳ್ಳುತ್ತಿತ್ತೇ ಎನಿಸುತ್ತದೆ. ಆದರೆ ಆ ಕಿವಿಯನ್ನು ರೋಮಾಪುರದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ ತಿದ್ದುತ್ತದೆ.

ಅಲ್ಲಿ ಪೌಲ ಇಬ್ಬರನ್ನು ಸಾಕ್ಷಿಗೆ ಕರೆಯುತ್ತಾನೆ. ಮೊದಲನೆಯವನು ಅಬ್ರಹಾಮ, ನೀತಿವಂತನೆಂದು ಎಣಿಸಿಕೊಂಡಾಗ ಅವನಿಗಿನ್ನೂ ಸುನ್ನತಿಯಾಗಿರಲಿಲ್ಲ. ಇಲ್ಲಿಯವರೆಗೆ ಹೊಸ ನೋಟಕ್ಕೆ ತೊಂದರೆಯಿಲ್ಲ. ಆದರೆ ಆ ಸಂಗತಿಗೆ ಬರುವ ಮುಂಚೆಯೇ ಪೌಲ ಕೂಲಿಯ ಮಾತೆತ್ತುತ್ತಾನೆ. ಕೆಲಸ ಮಾಡಿದವನಿಗೆ ಸಿಗುವುದು ದಾನವಲ್ಲ, ಬರಬೇಕಾದ ಬಾಕಿ. ಕೆಲಸ ಮಾಡದೆ, ಭಕ್ತಿಹೀನನನ್ನು ನೀತಿವಂತನೆಂದು ನಿರ್ಣಯಿಸುವಾತನನ್ನು ನಂಬಿದವನ ಕಥೆಯೇ ಬೇರೆ. ಸುನ್ನತಿಯೊಂದೇ ವಿಷಯವಾಗಿದ್ದರೆ ಕೂಲಿಯ ಹೋಲಿಕೆ ಏಕೆ ಬೇಕಿತ್ತು?

ಎರಡನೆಯ ಸಾಕ್ಷಿ ದಾವೀದ. ಅವನಿಗೆ ಸುನ್ನತಿಯಾಗಿತ್ತು. ಅವನು ಒಡಂಬಡಿಕೆಯೊಳಗಿನವನು, ಇಸ್ರಾಯೇಲಿನ ಅರಸ. ಗುರುತುಗಳೆಲ್ಲ ಇದ್ದರೂ ಅವನಲ್ಲಿ ಇಲ್ಲದ್ದು ಸತ್ಕ್ರಿಯೆ, ಇದ್ದದ್ದು ಪಾಪ. ಪಾಪವನ್ನು ಲೆಕ್ಕಕ್ಕೆ ಹಿಡಿಯದಿರುವುದನ್ನೇ ಪೌಲ 'ಕ್ರಿಯೆಗಳಿಲ್ಲದ ನೀತಿ' ಎನ್ನುತ್ತಾನೆ. 2002ರಲ್ಲಿ ಸೈಮನ್ ಗ್ಯಾದರ್‌ಕೋಲ್ ಒತ್ತಿ ತೋರಿಸಿದ ಈ ಅಂಶಕ್ಕೆ ಹೊಸ ನೋಟದಲ್ಲಿ ತೃಪ್ತಿಕರ ಉತ್ತರ ನನಗೆ ಸಿಕ್ಕಿಲ್ಲ. ದಾವೀದನ ತೊಂದರೆ ಹೊರಗಿನವನಾಗಿದ್ದುದಲ್ಲ.

ಸ್ಟೆಂಡಾಲ್ ಅವರ ಬಲವಾದ ಆಧಾರ ಫಿಲಿಪ್ಪಿಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯ. ಧರ್ಮಶಾಸ್ತ್ರದ ವಿಷಯದಲ್ಲಿ ತಾನು ನಿರ್ದೋಷಿಯಾಗಿದ್ದೆ ಎಂದು ಪೌಲ ಅಲ್ಲಿ ಹೇಳಿಕೊಳ್ಳುತ್ತಾನೆ. ಅವನಿಗೆ ಲೂಥರನ ಅಳುಕು ಇರಲಿಲ್ಲ, ಒಪ್ಪೋಣ. ಆದರೆ ನ್ಯಾಯಾಲಯದ ತೀರ್ಪು ಆರೋಪಿಯ ಅಳುಕನ್ನು ನೋಡಿ ಬರುವುದಿಲ್ಲ. ಅದೇ ಅಧ್ಯಾಯದಲ್ಲಿ ಪೌಲ ಆ ನಿರ್ದೋಷದ ದಾಖಲೆಯನ್ನೇ ನಷ್ಟವೆಂದು ಎಣಿಸಿ, ತನ್ನದಲ್ಲದ, ದೇವರಿಂದ ಬರುವ ನೀತಿಯನ್ನು ಬಯಸುತ್ತಾನೆ. ಲೂಥರ್ ಅಳುತ್ತಾ ಕಂಡುಕೊಂಡದ್ದನ್ನು ಪೌಲ ಅಳದೆ ಕಂಡುಕೊಂಡ. ಇಬ್ಬರೂ ಕಂಡದ್ದು ಒಂದನ್ನೇ.

1522ರ ಜರ್ಮನ್ ಅನುವಾದದಲ್ಲಿ ಲೂಥರ್ 'ಮಾತ್ರ' ಎಂಬ ಪದವನ್ನು ರೋಮಾಪುರದ ಪತ್ರಕ್ಕೆ ಸೇರಿಸಿದ. ಕನ್ನಡದಲ್ಲಾದರೆ ಅವಧಾರಣೆಯ ಒಂದು 'ಏ' ಸಾಕು: ನಂಬಿಕೆಯಿಂದಲೇ. ಈ 'ಏ'ಕಾರ ಸತ್ಕ್ರಿಯೆ ಬೇಡವೆನ್ನುವುದಿಲ್ಲ. ಅದು ತೀರ್ಪಿಗೆ ಆಧಾರವಲ್ಲ ಎನ್ನುತ್ತದೆ, ಅಷ್ಟೆ. ಪಂಕ್ತಿಯ ಸಮಾನತೆಯೂ ಇದರಿಂದಲೇ ಹುಟ್ಟುತ್ತದೆ: ಯಾರೂ ತಮ್ಮ ಗಳಿಕೆಯಿಂದ ಅಲ್ಲಿ ಕೂತಿಲ್ಲವಾದರೆ ಯಾರನ್ನು ಎಬ್ಬಿಸುವುದು? ಬದಲಾಗಿ, ನಂಬಿಕೆಯನ್ನು ಸದಸ್ಯತ್ವದ ಗುರುತಾಗಿಯಷ್ಟೇ ಕಂಡರೆ ಸುನ್ನತಿ ಹೋದ ಜಾಗಕ್ಕೆ ಇನ್ನೊಂದು ಗುರುತು ಬಂದಂತಾಗುತ್ತದೆ.

ದೊಡ್ಡವ್ವ ಕೇಳಿದಾಗ ನಾನು, "ನೀ ಭಾಳ ಮಾಡೀದಿ, ಚಿಂತಿ ಮಾಡಬ್ಯಾಡ" ಅಂದಿದ್ದೆ. ಅವಳು ಮುಖ ಆಚೆ ತಿರುಗಿಸಿದಳು. ಪ್ರೀತಿಯಿಂದ ಹೇಳಿದ್ದಾದರೂ ಅದು ಕೂಲಿಯ ಲೆಕ್ಕದ ಉತ್ತರವೇ ಆಗಿತ್ತು. ಅವಳಿಗೆ ಸದಸ್ಯತ್ವದ ಬಗ್ಗೆ ಅನುಮಾನವಿರಲಿಲ್ಲ. ಅರುವತ್ತು ವರ್ಷ ಅದೇ ಚರ್ಚಿನ ಅದೇ ಬೆಂಚಿನಲ್ಲಿ ಕೂತವಳು. ದಾವೀದನಂತೆ ಒಳಗಿದ್ದುಕೊಂಡೇ ಕೇಳಿದ್ದಳು. ಅವಳಿಗೆ ಅಂದು ನಾನು ಆ ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಬೇಕಿತ್ತು.